ಅಳಿಸಿದ್ದು ಅಳಿಯುವ ಮುನ್ನ

ಅಳಿಸುವುದು ಬೇರೆ, ಅಳಿಯುವುದು ಬೇರೆ. ಪಾಟಿಯ ಮೇಲೆ ಬಳಪದಿಂದ ಬರೆದದ್ದನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಎರಡೂ ಒಮ್ಮೆಗೇ ಆಗಿಬಿಡುತ್ತವೆ. ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಹಾಗಲ್ಲ. ಡಿಲೀಟ್ ಎಂದಾಗ ಅದು ಸಾಮಾನ್ಯವಾಗಿ ಬರಹವಿದ್ದ ಜಾಗವನ್ನು ಮುಟ್ಟುವುದೇ ಇಲ್ಲ. ಯಾವ ಬರಹ ಎಲ್ಲಿದೆಯೆಂದು ತೋರಿಸುವ ಸೂಚಿಯಲ್ಲಿ ‘ಈ ಜಾಗ ಖಾಲಿ’ ಎಂದು ಗುರುತು ಹಾಕಿ ಸುಮ್ಮನಾಗುತ್ತದೆ. ತಲಾಠಿಯ ದಫ್ತರದಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹೊಲದ ಪೈರು ಬಾಡುವುದಿಲ್ಲವಷ್ಟೆ. ಮತ್ತೊಬ್ಬನು ಬಂದು ಉತ್ತು ಬಿತ್ತುವವರೆಗೆ ಅದು ನಿಂತೇ ಇರುತ್ತದೆ.

ಈ ಭೇದದ ಬೆಲೆ ನನಗೆ ಮನದಟ್ಟಾದದ್ದು ಆಳಂದ ತಾಲ್ಲೂಕಿನ ಖಜೂರಿಯಲ್ಲಿ. ಕಡಕೋಳದ ಮಡಿವಾಳಪ್ಪನವರಂಥವರ ತತ್ವಪದಗಳು ಪುಸ್ತಕಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದ ಸೀಮೆ ಅದು. ಅಲ್ಲಿಯ ನಿವೃತ್ತ ಮಾಸ್ತರರೊಬ್ಬರು ಭಜನೆಯ ಹಿರಿಯರಿಂದ ಪದಗಳನ್ನು ಕೇಳಿ, ವರ್ಷಗಟ್ಟಲೆ ಕುಳಿತು ಟೈಪು ಮಾಡಿಟ್ಟಿದ್ದರು. ಹಾಡಿದವರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು. ಮನೆಯ ಹುಡುಗನೊಬ್ಬ ಜಾಗ ಮಾಡುವ ಭರದಲ್ಲಿ ಆ ಕಡತಗಳನ್ನು ಕಸದಬುಟ್ಟಿಗೂ ಹೋಗದಂತೆ ಅಳಿಸಿಬಿಟ್ಟ. ಈಗ ಅವನ್ನು ಮರಳಿ ತರುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇಳಿಸಿಕೊಳ್ಳಲು ಹೊರಟಿದ್ದ! ಫೋನಿನಲ್ಲಿ ನಾನು ಹೇಳಿದ್ದು ಒಂದೇ ಮಾತು: “ಮಾಸ್ತರ್ರೆ, ಮೊದಲು ಮಶೀನ್ ಬಂದ್ ಮಾಡಸ್ರಿ. ಏನೂ ಮುಟ್ಟಬ್ಯಾಡ್ರಿ.” ಹೊಸದಾಗಿ ಬರೆಯುವ ಒಂದೊಂದು ಬೈಟೂ ಹಳೆಯ ಪದವೊಂದರ ಮೇಲೆ ನೇಗಿಲು ಹಾಯಿಸಬಹುದು.

ಡಿಸ್ಕನ್ನು ಬಿಚ್ಚಿ ಬೇರೊಂದು ಗಣಕಕ್ಕೆ ಜೋಡಿಸಿದೆವು. ಸಿಕ್ಕದ್ದನ್ನು ಮೂರನೆಯ ಡಿಸ್ಕಿಗೆ ಇಳಿಸುವ ಏರ್ಪಾಡು. ನೆರವಾದದ್ದು ಕ್ರಿಸ್ತೋಫ್ ಗ್ರೆನಿಯೆ ರಚಿಸಿದ ‘ಫೋಟೋರೆಕ್’ ಎಂಬ ಉಚಿತ ತಂತ್ರಾಂಶ. ಹೆಸರು ನೋಡಿ ಮೋಸಹೋಗಬಾರದು, ಅದು ಚಿತ್ರಗಳನ್ನಷ್ಟೇ ಅಲ್ಲ, ಬರಹಗಳನ್ನೂ ಹುಡುಕುತ್ತದೆ. ಸೂಚಿಯನ್ನು ಅದು ನಂಬುವುದಿಲ್ಲ. ಡಿಸ್ಕಿನ ಮೊದಲಿಂದ ಕೊನೆಯವರೆಗೆ ನಡೆದು, ಕಡತಗಳ ಮುಖಲಕ್ಷಣ ನೋಡಿ ಗುರುತಿಸುತ್ತದೆ. ಜೆಪೆಗ್ ಚಿತ್ರವಾದರೆ ಆರಂಭದ ಮೂರು ಬೈಟುಗಳು ೨೫೫, ೨೧೬, ೨೫೫.

ಕನ್ನಡಕ್ಕೂ ಇಂಥ ಮುಖಲಕ್ಷಣವಿದೆಯೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಯೂನಿಕೋಡಿನ ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು: ಮೊದಲನೆಯದು ೨೨೪, ಎರಡನೆಯದು ೧೭೮ ಇಲ್ಲವೆ ೧೭೯. ಗಡಿಯಾಚೆಯ ಮರಾಠಿಗೆ, ಅಂದರೆ ದೇವನಾಗರಿಗೆ, ಮೊದಲನೆಯದು ಅದೇ ೨೨೪. ಎರಡನೆಯದು ಮಾತ್ರ ೧೬೪ ಅಥವಾ ೧೬೫. ಹೆಸರು, ವಿಳಾಸ ಎಲ್ಲ ಕಳೆದುಕೊಂಡ ಬೈಟುಗಳ ರಾಶಿಯಲ್ಲಿಯೂ ಕನ್ನಡದ ಸಾಲು ಹೀಗೆ ತಾನಾಗಿ ಗುರುತು ಹೇಳಿಕೊಳ್ಳುತ್ತದೆ. ಮಾಸ್ತರರು ಸಾದಾ ಪಠ್ಯವಾಗಿ ಇಟ್ಟಿದ್ದು ಪುಣ್ಯ. ವರ್ಡ್‌ನ ಈಚಿನ ಕಡತಗಳಲ್ಲಿ ಬರಹ ಅಡಕಗೊಂಡಿರುತ್ತದೆ. ‘ನುಡಿ’ಯ ಹಳೆಯ ಅಕ್ಷರಶೈಲಿಯ ಬರಹ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಎರವಲು ಪಡೆದದ್ದು. ಎರಡರಲ್ಲಿಯೂ ಈ ಗುರುತು ಕಾಣದು.

ಬೆಳಗಿನ ಹೊತ್ತಿಗೆ ನೂರಾರು ಕಡತಗಳು ಎದ್ದು ಬಂದವು, ಆದರೆ ಅನಾಮಿಕರಾಗಿ. ಫೋಟೋರೆಕ್ ಮೂಲದ ಹೆಸರನ್ನು ಮರಳಿಸುವುದಿಲ್ಲ. ಡಿಸ್ಕಿನಲ್ಲಿ ಸಿಕ್ಕ ಜಾಗದ ಅಂಕಿಯನ್ನೇ ಹೆಸರಾಗಿ ಇಡುತ್ತದೆ. ಯಾವ ಪದ ಯಾರದು? ಮಾಸ್ತರರಿಗೆ ಅದೊಂದು ಸಮಸ್ಯೆಯೇ ಆಗಲಿಲ್ಲ. ನೇರವಾಗಿ ಕೊನೆಯ ಚರಣಕ್ಕೆ ಹೋಗಿ ಅಂಕಿತವನ್ನು ಓದಿ, ಒಂದೊಂದನ್ನೂ ಅದರದರ ಕವಿಯ ಮನೆಗೆ ಸೇರಿಸುತ್ತ ಹೋದರು. ಹೆಸರನ್ನು ಹಾಡಿನೊಳಗೇ ನೇಯ್ದಿಟ್ಟ ಆ ಹಿರಿಯರು ಗಣಕವನ್ನು ಕಂಡವರಲ್ಲ.

ಈ ಭಾಗ್ಯ ಎಲ್ಲರಿಗೂ ಇಲ್ಲ. ಈಗಿನ ಗಣಕಗಳಲ್ಲಿ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಇರುವುದೇ ಹೆಚ್ಚು. ಅಲ್ಲಿ ಟ್ರಿಮ್ ಎಂಬ ಆಜ್ಞೆ ಅಳಿಸಿದ ಜಾಗಗಳನ್ನು ಕೂಡಲೇ ತಿಳಿಸುತ್ತದೆ, ಸಾಧನವು ಅವನ್ನು ತಾನಾಗಿ ಬರಿದುಮಾಡಿಕೊಳ್ಳುತ್ತದೆ. ಅಂಥದರಲ್ಲಿದ್ದಿದ್ದರೆ ಪದಗಳು ಮರಳುವುದು ದುರ್ಲಭವಿತ್ತು. ಬೇರೆ ಕಡೆ ಇನ್ನೊಂದು ಪ್ರತಿ ಇಟ್ಟಿದ್ದರಷ್ಟೇ ಉಳಿಗಾಲ.

ಒಂದು ಕಡತ ಮಾತ್ರ ವಿಚಿತ್ರವಾಗಿ ಬಂದಿತ್ತು. ಪದದ ಎರಡು ಚರಣ ಮುಗಿಯುತ್ತಲೇ ಯಾರದೋ ತೊಗರಿ ಮಾರಿದ ಲೆಕ್ಕ ಆರಂಭ. ಹೊಸ ಬರಹ ಹಳೆಯದರ ಅರ್ಧವನ್ನು ಆಕ್ರಮಿಸಿತ್ತು. ಅಂಕಿತವಿದ್ದ ಚರಣ ಅದರಡಿ ಹೋಯಿತು. ಹಾಡಿದಾತ ಇಲ್ಲ. ಮಾಸ್ತರರು ಆ ಎರಡು ಚರಣಗಳನ್ನು ಕಾಗದದ ಮೇಲೆ ಬರೆದುಕೊಂಡು, ಅಮಾವಾಸ್ಯೆಯ ಭಜನೆ ನಡೆಯುವ ಊರೂರಿಗೆ ಹೋಗಿ ಕೇಳುತ್ತಿದ್ದಾರೆ.