ಈ ಹುಡುಗ್ರು ಕಾಡಿನ ಬೆನ್ನು ಹತ್ತಿದ್ದು ಯಾಕೆ?

ಸಂಬಳ ಇಲ್ಲ, ಪರೀಕ್ಷೇಲಿ ಅಂಕಾನೂ ಇಲ್ಲ. ಆದ್ರೂ ನಮ್ಮೂರಿನ ಹುಡುಗ್ರು ಭಾನುವಾರ ಬೆಳಗ್ಗೆ ಬೈನಾಕ್ಯುಲರ್ ಹಿಡಿದು ಹೊರಡ್ತಾರಲ್ಲ, ಯಾಕೆ?

ಒಂದು, ಕಣ್ಣಾರೆ ಕಂಡದ್ದು. ನಮ್ಮ ಭದ್ರಾವತಿ ಕಾಗದನಗರಕ್ಕೆ ಲಕ್ಕವಳ್ಳಿ ಹತ್ತಿರ. ಬೇಸಿಗೇಲಿ ಅಲ್ಲಿನ ಭದ್ರಾ ಜಲಾಶಯದ ನೀರು ಇಳಿದಾಗ ತಲೆ ಎತ್ತೋ ನಡುಗಡ್ಡೆಗಳ ಬರೀ ನೆಲದ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡ್ತವೆ. ಮಳೆಗಾಲದಲ್ಲಿ ಮಂಡಗದ್ದೆಗೆ ಹೋಗಿ, ತುಂಗೆಯ ನಡುವಿನ ಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆಗಳ ಗೂಡು!

ಎರಡು, ಇದು ನಮ್ಮದು ಅನ್ನೋ ನಂಟು. ಕುದುರೆಮುಖದ ಗಣಿ ಹೂಳು ಸೇರ್ತಿದ್ದದ್ದು ಇದೇ ಭದ್ರೆಗೆ. ವನ್ಯಜೀವಿ ಕಾರ್ಯಕರ್ತರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ರು. 2005ರ ಕೊನೆಗೆ ಗಣಿಗಾರಿಕೆ ನಿಂತೇ ಹೋಯ್ತು. ಹೋರಾಡಿದ್ರೆ ಗೆಲ್ಲಬಹುದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಮೂರು, ಕೈ ಹಿಡಿದು ಕಲಿಸೋ ಹಿರಿಯರು. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಮೀಸಲು ಪ್ರದೇಶವಾಯ್ತು. ಕಾಡಿನ ಒಳಗಿದ್ದ ಊರುಗಳು ಆಮೇಲೆ ಹೊರಗೆ ಬಂದು ನೆಲೆಸಿದ್ವು. ಆ ಕೆಲಸದಲ್ಲಿ ಅರಣ್ಯ ಇಲಾಖೆಗೆ ಹೆಗಲು ಕೊಟ್ಟವರಲ್ಲಿ ಚಿಕ್ಕಮಗಳೂರಿನ ಡಿ.ವಿ. ಗಿರೀಶ್ ಒಬ್ಬರು. ಅವರು ಸರ್ಕಾರಿ ನೌಕರರಲ್ಲ, ಕಾಡಿನ ಮೇಲೆ ಪ್ರೀತಿ ಇಟ್ಟ ಕಾಫಿ ಬೆಳೆಗಾರರು. ಇಂಥ ಹಿರಿಯರನ್ನ ನೋಡಿ ಹುಡುಗ್ರು ಕಲೀತಾರೆ.

ಭಾಷಣ ಕೇಳಿ ಯಾರೂ ಕಾಡಿಗೆ ಬರಲ್ಲ. ನೋಡಿ, ನಂಬಿ, ಜೊತೆಗಾರರು ಸಿಕ್ಕಿದ್ಮೇಲೆ ಬರ್ತಾರೆ.

ನೀವು ಶುರು ಮಾಡ್ಬೇಕಾ? ಪ್ರತಿ ಫೆಬ್ರವರಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನೋ ಹಕ್ಕಿ ಎಣಿಕೆ ನಡೆಯುತ್ತೆ. ಮನೆ ಹಿತ್ತಲಲ್ಲೋ, ಶಂಕರಘಟ್ಟದ ಕುವೆಂಪು ವಿವಿ ಆವರಣದಲ್ಲೋ ಕನಿಷ್ಠ 15 ನಿಮಿಷ ಹಕ್ಕಿ ಎಣಿಸಿ, ಇ-ಬರ್ಡ್ ಆ್ಯಪ್‌ಗೆ ಹಾಕಿ. ಈ ಸಲ ಒಬ್ಬರೇ ಹೋಗ್ಬೇಡಿ, ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರ್ಕೊಂಡು ಹೋಗಿ.