ರಕ್ತದಲ್ಲಿ ಒಂದು ಚಮಚ ಸಕ್ಕರೆ

ಕಾಫಿತೋಟಗಳ ಊರಾದ ಪಾಲಿಬೆಟ್ಟದಲ್ಲಿ ಅತಿಥಿಗೆ ಮೊದಲು ದೊರೆಯುವ ಸತ್ಕಾರ ಕಾಫಿಯೇ. ಲೋಟಕ್ಕೆ ಎರಡು ಚಮಚ ಸಕ್ಕರೆ ಬಿದ್ದರೆ ಅದು ಸುಮಾರು 10 ಗ್ರಾಂ. ಇನ್ನು ನಮ್ಮ ರಕ್ತದ ಸಕ್ಕರೆಯನ್ನು ಲೆಕ್ಕಹಾಕೋಣ. ಪ್ರಾಯದ ಮನುಷ್ಯನ ರಕ್ತ ಸುಮಾರು 5 ಲೀಟರು. ಆರೋಗ್ಯವಂತನಿಗೆ ಉಪವಾಸದಲ್ಲಿ 100 ಮಿಲಿಲೀಟರು ರಕ್ತದಲ್ಲಿ ಸುಮಾರು 90 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಗುಣಿಸಿದರೆ ಒಟ್ಟು ನಾಲ್ಕೂವರೆ ಗ್ರಾಂ. ಹೆಚ್ಚುಕಡಿಮೆ ಒಂದೇ ಚಮಚ! ಹಾಗಾದರೆ ಕಾಫಿ ಕುಡಿದೊಡನೆ ಈ ಪ್ರಮಾಣ ಮಿತಿಮೀರಿ ಏರುವುದಿಲ್ಲವೇಕೆ?

ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುತ್ತದೆ. ಅದರ ಪ್ರೇರಣೆಯಿಂದ ಸ್ನಾಯುಗಳು ಗ್ಲೂಕೋಸನ್ನು ಹೀರಿಕೊಳ್ಳುತ್ತವೆ. ಯಕೃತ್ತು ಅದನ್ನು ಕೂಡಿಡುತ್ತದೆ. ಈ ವ್ಯವಸ್ಥೆ ಕೆಟ್ಟಾಗ ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. ಅದೇ ಮಧುಮೇಹ. ವರ್ಷಗಟ್ಟಲೆ ಹೀಗಾದರೆ ಕಣ್ಣು, ಮೂತ್ರಪಿಂಡ, ನರ, ಹೃದಯಗಳಿಗೆ ಹಾನಿ ತಪ್ಪದು.

ಮಧುಮೇಹದಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಇನ್ಸುಲಿನ್ ಉತ್ಪತ್ತಿಯೇ ನಿಲ್ಲುತ್ತದೆ. ಇದು ಹೆಚ್ಚಾಗಿ ಎಳೆಯರಲ್ಲಿ ತೋರುವುದು. ಸಿಹಿ ತಿಂದದ್ದರ ಫಲವಲ್ಲ. 1921ರಲ್ಲಿ ಕೆನಡದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸುವ ಮೊದಲು ಇಂಥವರಿಗೆ ಮರಣವೇ ಗತಿಯಾಗಿತ್ತು. ಎರಡನೆಯ ಬಗೆಯೇ ಬಹುಸಾಮಾನ್ಯ. ಇದರಲ್ಲಿ ಇನ್ಸುಲಿನ್ ಇದ್ದರೂ ಸ್ನಾಯುಗಳು ಅದಕ್ಕೆ ಸರಿಯಾಗಿ ಓಗೊಡವು. ವಂಶ, ಬೊಜ್ಜು, ಆಲಸ್ಯಗಳು ಇದಕ್ಕೆ ದಾರಿಮಾಡುತ್ತವೆ. 2021ರ ಅಂದಾಜಿನಂತೆ ಭಾರತದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದರು.

ಸಕ್ಕರೆಯ ಬದಲು ಕೊಡಗಿನ ಬೆಲ್ಲದ ಕಾಫಿ ಕುಡಿದರೆ ಕ್ಷೇಮವೆಂದು ಕೆಲವರು ನಂಬುವರು. ರಕ್ತದ ಪಾಲಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಕಡಂಬುಟ್ಟಿನ ಮತ್ತು ಅಕ್ಕಿರೊಟ್ಟಿಯ ಪಿಷ್ಟವೂ ಕೊನೆಗೆ ಗ್ಲೂಕೋಸೇ ಆಗುತ್ತದೆ. ಆದರೆ ದುಡಿಯುವ ಸ್ನಾಯುವಿಗೆ ಒಂದು ವಿಶೇಷ ಗುಣವುಂಟು: ಅದು ಇನ್ಸುಲಿನ್ನಿನ ಪ್ರೇರಣೆಗೆ ಕಾಯದೆಯೂ ಗ್ಲೂಕೋಸನ್ನು ಸೆಳೆದುಕೊಳ್ಳಬಲ್ಲದು. ಇಳಿಜಾರಿನ ತೋಟದಲ್ಲಿ ದಿನವಿಡೀ ಹಣ್ಣು ಕೊಯ್ಯುವವನಿಗೆ ಒದಗುವ ಅನ್ನವೂ, ಕುರ್ಚಿ ಬಿಟ್ಟೇಳದವನ ಅನ್ನವೂ ಪ್ರಮಾಣದಲ್ಲಿ ಒಂದೇ ಆದರೂ ಪರಿಣಾಮದಲ್ಲಿ ಒಂದಲ್ಲ.

ಇದು ಬರಿಯ ತರ್ಕವಲ್ಲ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು, ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಸುಮಾರು 3 ವರ್ಷ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಸಲಹೆ ಪಡೆಯದವರಲ್ಲಿ ನೂರಕ್ಕೆ 55 ಮಂದಿ ರೋಗಕ್ಕೆ ತುತ್ತಾದರೆ, ಮಿತಾಹಾರ ಮತ್ತು ನಡಿಗೆಯ ಸಲಹೆ ಪಡೆದವರಲ್ಲಿ ಈ ಸಂಖ್ಯೆ ಸುಮಾರು 39 ಮಾತ್ರ.

ದಿನಕ್ಕೆ ಅರ್ಧಗಂಟೆಯ ಬಿರುಸಿನ ನಡಿಗೆ, ತಟ್ಟೆಯಲ್ಲಿ ಅನ್ನಕ್ಕಿಂತ ಹೆಚ್ಚು ತರಕಾರಿ, ಕಾಳು. ಲೋಟದಲ್ಲಿ ಕಡಮೆ ಸಿಹಿ. ಮನೆಯಲ್ಲಿ ಮಧುಮೇಹಿಗಳಿದ್ದರೆ ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ. ಉಪವಾಸದ ರಕ್ತದಲ್ಲಿ 126 ಮಿಲಿಗ್ರಾಮೋ ಅದಕ್ಕೂ ಹೆಚ್ಚೋ ಇದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಅದು ಮಧುಮೇಹ. 100ರಿಂದ 125ರವರೆಗೆ ಎಚ್ಚರಿಕೆಯ ಗಂಟೆ. ಈ ರೋಗ ಬಹುಕಾಲ ಯಾವ ನೋವನ್ನೂ ತೋರದೆ ಬೆಳೆಯುವುದರಿಂದ, ಗಂಟೆಯ ಸದ್ದನ್ನು ಪ್ರಾಯದಲ್ಲಿಯೇ ಕೇಳಿಸಿಕೊಳ್ಳುವುದು ಜಾಣತನ.