ನೂರು ಕಿಲೋ ಶಟರ್ ಒಂದೇ ಕೈಗೆ ಹೇಗೆ ಏಳುತ್ತದೆ?

ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಗೋದಾಮಿನ ಶಟರ್ ಎಷ್ಟು ತೂಗುತ್ತದೆ? ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕಿಲೋ. ಅಂದರೆ 1.25 ಮಿಲಿಮೀಟರ್ ದಪ್ಪದ ತಗಡು ಚದರ ಮೀಟರಿಗೆ ಸುಮಾರು 10 ಕಿಲೋ ಬರುತ್ತದೆ. ಹತ್ತಡಿ ಚೌಕದ ಬಾಗಿಲಿನ ವಿಸ್ತೀರ್ಣ 9.3 ಚದರ ಮೀಟರ್. ಪಟ್ಟಿಗಳು ಒಂದಕ್ಕೊಂದು ಸಿಕ್ಕಿಕೊಳ್ಳಲೆಂದು ಸುರುಳಿಯಾಗಿ ಮಡಚಿದ ಅಂಚು, ತಳದ ದಪ್ಪ ಪಟ್ಟಿ, ಬೀಗದ ಕೊಂಡಿ ಎಲ್ಲ ಸೇರಿದರೆ ತೂಕ ನೂರು ಕಿಲೋ ದಾಟುತ್ತದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಪೇಟೆಗಳಲ್ಲಿ ಡಿಸೆಂಬರ್‌ ಬಂತೆಂದರೆ ತೊಗರಿಯ ಸುಗ್ಗಿ. ಅಡತ ಅಂಗಡಿಗಳು ಬೆಳಕು ಹರಿಯುವ ಮೊದಲೇ ತೆರೆಯುತ್ತವೆ. ಒಂದು ಅಂಗಡಿಯ ಹಮಾಲ ಬಗ್ಗಿ ಹಿಡಿಕೆಗೆ ಕೈ ಹಾಕಿ ಎತ್ತಿದರೆ ಶಟರ್ ತಾನಾಗಿ ಮೇಲೆ ಸರಿಯುತ್ತದೆ. ಪಕ್ಕದ ಅಂಗಡಿಯವನು ಅಷ್ಟೇ ಅಳತೆಯ ಶಟರ್ ಎತ್ತಲಾಗದೆ ದಾರಿಯಲ್ಲಿ ಹೋಗುವವನನ್ನು ಕರೆಯುತ್ತಾನೆ: "ಜರಾ ಕೈ ಹಚ್ಚಪ್ಪ." ಕಾರಣ ಇರುವುದು ಕಣ್ಣಿಗೆ ಕಾಣುವ ತಗಡಿನಲ್ಲಲ್ಲ, ನೆತ್ತಿಯ ಮೇಲಿನ ತಗಡಿನ ಡಬ್ಬದೊಳಗೆ.

ಆ ಡಬ್ಬದಲ್ಲಿ ಗೋಡೆಯಿಂದ ಗೋಡೆಗೆ ಒಂದು ಕಬ್ಬಿಣದ ಪೈಪು. ಪೈಪಿನ ಮೇಲೆ ಸಾಲಾಗಿ ಸ್ಪ್ರಿಂಗ್‌ಗಳು. ಪ್ರತಿ ಸ್ಪ್ರಿಂಗಿನ ಒಂದು ತುದಿ ಅಲುಗದ ಪೈಪಿಗೆ ಬಿಗಿದಿರುತ್ತದೆ, ಇನ್ನೊಂದು ತುದಿ ಶಟರ್ ಸುತ್ತಿಕೊಳ್ಳುವ ತಿರುಗುಚಕ್ರಕ್ಕೆ. ಶಟರ್ ಕೆಳಗಿಳಿದಾಗ ಚಕ್ರ ತಿರುಗಿ ಸ್ಪ್ರಿಂಗ್‌ಗಳು ಬಿಗಿಯಾಗುತ್ತವೆ. ಸಂಜೆ ಬಾಗಿಲು ಎಳೆದು ಮುಚ್ಚುವಾಗ ನಾವು ಹಾಕಿದ ಬಲವೂ ತಗಡಿನ ಭಾರವೂ ಸೇರಿ ಸ್ಪ್ರಿಂಗಿನಲ್ಲಿ ರಾತ್ರಿಯೆಲ್ಲ ಕೂತಿರುತ್ತವೆ. ಬೆಳಿಗ್ಗೆ ಅದೇ ಶಕ್ತಿ ಶಟರನ್ನು ಮೇಲೆತ್ತುತ್ತದೆ.

ಇದರಲ್ಲಿ ನನಗೆ ತುಂಬ ಇಷ್ಟವಾಗುವ ಸಂಗತಿ ಒಂದಿದೆ. ಶಟರ್ ಪೂರ್ತಿ ಕೆಳಗಿದ್ದಾಗ ಇಡೀ ನೂರು ಕಿಲೋ ಜೋತುಬಿದ್ದಿರುತ್ತದೆ, ಸ್ಪ್ರಿಂಗೂ ಆಗಲೇ ಅತಿ ಹೆಚ್ಚು ಬಿಗಿದಿರುತ್ತದೆ. ಅರ್ಧ ಏರಿದಾಗ ಅರ್ಧ ತಗಡು ಸುರುಳಿಯಾಗಿ ಮೇಲೆ ಕೂತಿರುತ್ತದೆ, ಜೋತಾಡುವ ಭಾರ ಅರ್ಧವಾಗುತ್ತದೆ. ಸ್ಪ್ರಿಂಗೂ ಅಷ್ಟು ಸುತ್ತು ಸಡಿಲಗೊಂಡಿರುತ್ತದೆ. ಸ್ಪ್ರಿಂಗನ್ನು ಎಷ್ಟು ತಿರುಚುತ್ತೇವೋ ಅದು ಅಷ್ಟೇ ಪ್ರಮಾಣದಲ್ಲಿ ತಿರುಗಿ ತಳ್ಳುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಆ ನಿಯಮದ ಬಲದಿಂದಲೇ ಭಾರ ಮತ್ತು ಬಿಗಿತ ಏರುದಾರಿಯುದ್ದಕ್ಕೂ ಜೊತೆಜೊತೆಗೆ ಇಳಿಯುತ್ತವೆ. ಲೆಕ್ಕ ಪೂರ್ತಿ ಚೊಕ್ಕವಲ್ಲ. ಮೇಲೆ ಸುರುಳಿ ದಪ್ಪವಾದಂತೆ ತಗಡು ಜೋತುಬೀಳುವ ಜಾಗ ಪೈಪಿನಿಂದ ದೂರ ಸರಿಯುತ್ತದೆ, ಎಳೆತದ ಸನ್ನೆ ಉದ್ದವಾಗುತ್ತದೆ. ಬಲ್ಲ ಮಿಸ್ತ್ರಿ ಶಟರ್ ಕೂರಿಸುವಾಗಲೇ ಸ್ಪ್ರಿಂಗಿಗೆ ಕೆಲವು ಸುತ್ತು ಹೆಚ್ಚು ಬಿಗಿ ಕೊಟ್ಟು ಇದನ್ನು ಸರಿದೂಗಿಸುತ್ತಾನೆ.

ಹೀಗಾಗಿ ಹೊಸ ಶಟರಿಗೆ ಹಣ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಅದನ್ನು ಸೊಂಟದ ಮಟ್ಟಕ್ಕೆ ಎತ್ತಿ, ಕಾಲು ಹಿಂದಿಟ್ಟುಕೊಂಡು ನಿಧಾನವಾಗಿ ಕೈ ಸಡಿಲಿಸಿ. ಅಲ್ಲೇ ನಿಂತರೆ ಅಥವಾ ಗೇಣು ಅತ್ತಿತ್ತ ಸರಿದು ನಿಂತರೆ ತೂಕ ಕೂಡಿದೆ. ದಡಕ್ಕನೆ ಬಿದ್ದರೆ ಸ್ಪ್ರಿಂಗ್ ಸಾಲದು. ಕೈ ಬಿಟ್ಟೊಡನೆ ಮೇಲಕ್ಕೆ ಹಾರಿದರೆ ಬಿಗಿ ಅತಿಯಾಗಿದೆ, ಅದೂ ಒಳ್ಳೆಯದಲ್ಲ.

"ದಪ್ಪ ತಗಡು ಹಾಕಿಸಿದ್ದೇನೆ" ಎಂದು ಹೇಳಿಕೊಳ್ಳುವ ವ್ಯಾಪಾರಿಗಳು ಬಹಳ. ತಗಡು ದಪ್ಪವಾದಷ್ಟೂ ಸ್ಪ್ರಿಂಗ್ ಬಲವಾಗಬೇಕು, ಇಲ್ಲವೆ ಸಂಖ್ಯೆ ಹೆಚ್ಚಬೇಕು. ಅದನ್ನು ಯಾರೂ ಕೇಳುವುದಿಲ್ಲ. ದಿನಕ್ಕೆ ಎಷ್ಟು ಸಲ ತೆರೆಯುತ್ತೀರಿ ಎಂಬುದನ್ನಂತೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದೇ ತಂತಿಯನ್ನು ಮತ್ತೆ ಮತ್ತೆ ತಿರುಚಿದರೆ ಕಣ್ಣಿಗೆ ಕಾಣದ ಬಿರುಕು ಬೆಳೆದು ಒಂದು ದಿನ ಅದು ತುಂಡಾಗುತ್ತದೆ. ಮೇಲೇಳುವ ಬಾಗಿಲುಗಳ ಸಾಧಾರಣ ಸ್ಪ್ರಿಂಗ್‌ಗಳನ್ನು ಸುಮಾರು 10,000 ಏರಿಳಿತ ತಾಳುವಂತೆ ಮಾಡುವುದು ವಾಡಿಕೆ. ದಿನಕ್ಕೆ ನಾಲ್ಕು ಸಲ ತೆರೆದು ಮುಚ್ಚುವ ಅಂಗಡಿಯಲ್ಲಿ, ವರ್ಷಕ್ಕೆ ಮುನ್ನೂರು ದಿನ ಹಿಡಿದರೆ, ಅದು ಎಂಟು ವರ್ಷದ ಮೇಲೆ ಬಾಳುತ್ತದೆ. ದಿನಕ್ಕೆ ಹದಿನೈದು ಸಲ ತೆರೆಯುವ ದಾಲ್ ಮಿಲ್ಲಿನಲ್ಲಿ ಎರಡು ವರ್ಷ ಚಿಲ್ಲರೆ. ಮಿಲ್ಲಿಗೂ ಕಿರಾಣಿ ಅಂಗಡಿಗೂ ಒಂದೇ ಸ್ಪ್ರಿಂಗ್ ಹಾಕಿದರೆ ಮಿಲ್ಲಿನ ಹಮಾಲರ ಬೆನ್ನು ಅದರ ಬೆಲೆ ತೆರುತ್ತದೆ.

ನಾಲ್ಕು ಸ್ಪ್ರಿಂಗ್‌ಗಳಲ್ಲಿ ಒಂದು ತುಂಡಾದರೆ ಶಟರ್ ನಿಲ್ಲುವುದಿಲ್ಲ, ಭಾರವಾಗುತ್ತದಷ್ಟೆ, ಒಂದು ಬದಿಗೆ ವಾಲುತ್ತದೆ. ಜನ ಅದನ್ನೇ ಎಳೆದಾಡುತ್ತಾ ಸುಗ್ಗಿ ಮುಗಿಸುತ್ತಾರೆ. ಉಳಿದ ಮೂರರ ಮೇಲೆ ಹೊರೆ ಬೀಳುತ್ತದೆ, ಅವೂ ಬೇಗ ಹೋಗುತ್ತವೆ. ಮೊದಲನೆಯದು ಮುರಿದ ದಿನವೇ ಮಿಸ್ತ್ರಿಯನ್ನು ಕರೆಸಿ. ಬಿಗಿದ ಸ್ಪ್ರಿಂಗಿಗೆ ನೀವು ಮಾತ್ರ ಕೈ ಹಾಕಬೇಡಿ. ಪೈಪ್ ಪಾನಾ ಜಾರಿದರೆ ಮಣಿಕಟ್ಟು ಮುರಿಯುವಷ್ಟು ಶಕ್ತಿ ಅದರಲ್ಲಿರುತ್ತದೆ.

ಲಾರಿ ಒಳಗೆ ಬರಬೇಕಾದ ಗೋದಾಮಿನದು ಬೇರೆ ಲೆಕ್ಕ. ಹನ್ನೆರಡು ಅಡಿ ಚೌಕದ ಬಾಗಿಲು 13.4 ಚದರ ಮೀಟರ್ ಆಗುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ 10 ಚದರ ಮೀಟರ್ ದಾಟಿದ ಶಟರಿಗೆ ಸರಪಳಿ ಮತ್ತು ಹಲ್ಲುಚಕ್ರದ ಸಾಧನವನ್ನು ಬೇರೆಯಾಗಿಯೇ ನಮೂದಿಸಿದ್ದಾರೆ. ಅಷ್ಟು ದೊಡ್ಡದನ್ನು ಕೈಯಿಂದ ಎತ್ತಿಸುವುದು ಉಳಿತಾಯವಲ್ಲ. ಅಗಲ ಹೆಚ್ಚಿದಾಗ ಗಾಳಿಯ ಲೆಕ್ಕವೂ ಬದಲಾಗುತ್ತದೆ. ಏಪ್ರಿಲ್-ಮೇ ತಿಂಗಳ ಬಿರುಗಾಳಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ಚದರ ಮೀಟರಿಗೆ ಸುಮಾರು 38 ಕಿಲೋ ಒತ್ತಡ ಬೀಳುತ್ತದೆ. ನಮ್ಮ ಹತ್ತಡಿ ಶಟರಿನ ಮೇಲೆ ಒಟ್ಟು ಮುನ್ನೂರೈವತ್ತು ಕಿಲೋ. ಅದೇ ಪಟ್ಟಿ, ಅದೇ ಗಾಳಿ ಇದ್ದು ಅಗಲ ಮಾತ್ರ ಇಮ್ಮಡಿಯಾದರೆ ಪಟ್ಟಿ ಹದಿನಾರು ಪಟ್ಟು ಬಾಗುತ್ತದೆ. ಬಾಗಿದ ಪಟ್ಟಿಯ ತುದಿ ಅದು ಜಾರುವ ಪಕ್ಕದ ಚಾನೆಲ್ಲಿನಿಂದ ಹೊರಬಂದರೆ ಇಡೀ ಶಟರ್ ಒಳಕ್ಕೆ ಕುಸಿಯುತ್ತದೆ. ಅಗಲ ಬಾಗಿಲಿಗೆ ಆಳವಾದ ಚಾನೆಲ್ ಬೇಕೆನ್ನುವುದು ಅದಕ್ಕೇ. ಸಾಧ್ಯವಿದ್ದರೆ ಇಪ್ಪತ್ತು ಅಡಿಯ ಒಂದು ಬಾಗಿಲಿಗಿಂತ ನಡುವೆ ಕಂಬ ಕೊಟ್ಟು ಹತ್ತಡಿಯ ಎರಡನ್ನು ಮಾಡಿಸುವುದೇ ಮೇಲು.

ಇನ್ನು ನಮ್ಮ ಮಣ್ಣು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶಟರಿಗೆ ಕಳ್ಳನಿಗಿಂತ ದೊಡ್ಡ ಕಾಟ ಎರೆಮಣ್ಣಿನದು ಎಂದು ನಾನು ನಂಬಿದ್ದೇನೆ. ಈ ಕಪ್ಪು ಜೇಡಿಯಲ್ಲಿರುವ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಅದೇ ಮಣ್ಣು ಅಂಗಡಿಯ ಕಂಬದ ಕೆಳಗೂ ಇದೆ. ಗಟ್ಟಿ ಮೊರಮಿನವರೆಗೆ ಇಳಿಯದ ಅಡಿಪಾಯದ ಮೇಲೆ ನಿಂತ ಕಂಬ ಮಳೆಗಾಲದಲ್ಲಿ ಒಂದಿಷ್ಟು ಏಳುತ್ತದೆ, ಬೇಸಿಗೆಯಲ್ಲಿ ಕೂರುತ್ತದೆ. ಎರಡೂ ಕಂಬ ಒಂದೇ ಸಮ ಏಳುವುದಿಲ್ಲ. ಚಾನೆಲ್‌ಗಳು ಸಮಾಂತರ ತಪ್ಪುತ್ತವೆ, ಶಟರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಮಿಸ್ತ್ರಿ ಬಂದು ಸ್ಪ್ರಿಂಗ್ ಬಿಗಿ ಮಾಡಿ ಹೋದರೆ ಪ್ರಯೋಜನವಿಲ್ಲ. ಟೇಪು ಹಿಡಿದು ಬಾಗಿಲಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆಯಿರಿ. ಕರ್ಣಗಳಲ್ಲಿ ವ್ಯತ್ಯಾಸ ಕಂಡರೆ ರೋಗ ಶಟರಿನದಲ್ಲ, ಕಟ್ಟಡದ್ದು. ಪಟ್ಟಿಗಳ ತುದಿ ನೋಡಿದರೂ ತಿಳಿಯುತ್ತದೆ: ಒಂದು ಬದಿಯ ತುದಿಗಳು ಮಾತ್ರ ಉಜ್ಜಿ ಬೆಳ್ಳಗೆ ಹೊಳೆಯುತ್ತಿರುತ್ತವೆ, ಇನ್ನೊಂದು ಬದಿಯವು ತುಕ್ಕು ಹಿಡಿದು ಕಂದಾಗಿರುತ್ತವೆ. ಬಿಸಿಲಿಗೂ ಸ್ವಲ್ಪ ಜಾಗ ಬಿಡಬೇಕು. ಪಡುವಣ ಬಿಸಿಲಿಗೆ ಕಾದ ಹತ್ತಡಿ ಪಟ್ಟಿ, ಚಳಿಗಾಲದ ನಸುಕಿಗಿಂತ 50 ಡಿಗ್ರಿ ಹೆಚ್ಚು ಬಿಸಿಯಾದಾಗ, ಎರಡು ಮಿಲಿಮೀಟರಿನಷ್ಟು ಉದ್ದವಾಗುತ್ತದೆ.

ಶಟರ್ ಬಿಗಿಯಾಯಿತೆಂದರೆ ಚಾನೆಲ್ಲಿಗೆ ಗ್ರೀಸ್ ಮೆತ್ತುವುದು ಎಲ್ಲೆಡೆಯ ರೂಢಿ. ದಯವಿಟ್ಟು ಬೇಡ. ತೊಗರಿ ಹೊಟ್ಟಿನ ಧೂಳು, ರಸ್ತೆಯ ಎರೆಧೂಳು ಗ್ರೀಸಿಗೆ ಅಂಟಿ ಅರೆಯುವ ಮುದ್ದೆಯಾಗುತ್ತದೆ. ಎಣ್ಣೆ ಬೇಕಾದದ್ದು ಮೇಲಿನ ಸ್ಪ್ರಿಂಗಿಗೆ. ಗ್ರೀಸು ಬೇಕಾದದ್ದು ಬೇರಿಂಗಿಗೆ ಮತ್ತು ಸರಪಳಿಯ ಹಲ್ಲುಚಕ್ರಕ್ಕೆ. ಚಾನೆಲ್ಲಿಗೆ ಒಣ ಬ್ರಶ್ಶು, ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆ, ಸಾಕು.

ಭೀಮಾ ದಂಡೆಯವರಿಗೆ ಇನ್ನೊಂದು ಮಾತು. 2020ರ ಅಕ್ಟೋಬರ್ ಪ್ರವಾಹದಲ್ಲಿ ಅಫಜಲಪುರ, ಜೇವರ್ಗಿ ತಾಲೂಕಿನ ಊರುಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ನೀರು ಇಳಿದ ಮೇಲೆ ಮೆತ್ತಿದ ಹೂಳು ಒಣಗುವ ಮೊದಲೇ ಚಾನೆಲ್ ಮತ್ತು ಬೀಗದ ಗೂಡು ತೊಳೆಯಬೇಕು. ಒಣಗಿದರೆ ಉಳಿಯಿಂದ ಕೆತ್ತಬೇಕಾಗುತ್ತದೆ. ಇಂಥ ಕಡೆ ಬಣ್ಣ ಬಳಿದ ಕಪ್ಪು ತಗಡಿಗಿಂತ ಸತುವಿನ ಲೇಪದ ಜಿ.ಐ. ಪಟ್ಟಿ ಒಳ್ಳೆಯದು. ಗೀರು ಬಿದ್ದಲ್ಲಿ ಸತುವು ತಾನು ಕರಗಿ ಉಕ್ಕನ್ನು ಕಾಯುತ್ತದೆ. ವೆಲ್ಡಿಂಗ್ ಮಾಡಿದ ಜಾಗದಲ್ಲಿ ಆ ಲೇಪ ಸುಟ್ಟುಹೋಗಿರುತ್ತದೆ, ಅಲ್ಲಿಗೆ ಸತುವಿನ ಬಣ್ಣ ಹಚ್ಚಿಸಿ. ವೆಲ್ಡಿಂಗಿಗೆ ಮೊದಲು ಹೊಟ್ಟು, ಖಾಲಿ ಗೋಣಿಚೀಲಗಳನ್ನು ದೂರ ಸಾಗಿಸಿ. ಒಂದು ಕಿಡಿ ಹೊಟ್ಟಿನೊಳಗೆ ಗಂಟೆಗಟ್ಟಲೆ ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳಬಲ್ಲದು.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆ ಬೇಳೆ ಇಲಿಯ ಪಾಲಾಗದಿರಲು ತಳದ ಸಂದು ನೋಡಿ. ಶಹಾಬಾದ್ ಕಲ್ಲಿನ ಹೊಸ್ತಿಲು ಉಬ್ಬುತಗ್ಗಾಗಿದ್ದರೆ ಶಟರ್ ಮುಚ್ಚಿದಾಗಲೂ ಬೆರಳು ತೂರುತ್ತದೆ, ಬೆರಳು ತೂರಿದಲ್ಲಿ ಇಲಿಮರಿ ತೂರುತ್ತದೆ. ಬರೀ ರಬ್ಬರ್ ಪಟ್ಟಿಯನ್ನು ಅದು ಕಡಿಯುತ್ತದೆ, ಹೊರಗೆ ತಗಡಿನ ಅಂಚು ಬೇಕು. ಹುಳುವಿಗೆ ಹೊಗೆ ಹಾಕುವಾಗಲೂ ಶಟರನ್ನು ನಂಬಬಾರದು. ಪಟ್ಟಿಗಳ ಸಂದಿನಿಂದ ವಿಷಾನಿಲ ಸೋರುತ್ತದೆ, ಅದಕ್ಕೇ ಗೋದಾಮಿನವರು ಚೀಲದ ಅಟ್ಟಿಗೇ ತಾಡಪಾಲು ಮುಚ್ಚಿ ಆ ಕೆಲಸ ಮಾಡುತ್ತಾರೆ.

ಮೋಟರ್ ಶಟರ್ ಬೇಕೆನ್ನುವವರು ಮೂರು ವಿಷಯ ಕೇಳಿ ಖಚಿತ ಮಾಡಿಕೊಳ್ಳಿ: ಕರೆಂಟ್ ಹೋದಾಗ ಕೈಯಿಂದ ಎಳೆಯಲು ಸರಪಳಿ ಇದೆಯೇ, ಮೇಲೆ-ಕೆಳಗೆ ತಾನಾಗಿ ನಿಲ್ಲಿಸುವ ಸ್ವಿಚ್ಚಿದೆಯೇ, ಗೇರು ಮುರಿದರೂ ಬೀಳದಂತೆ ಹಿಡಿಯುವ ತಡೆ ಇದೆಯೇ. ಮೋಟರ್ ಇರಲಿ ಬಿಡಲಿ, ಅಂಗಡಿಯ ನಾಮಫಲಕದ ದೀಪದ ತಂತಿ ಶಟರ್ ಡಬ್ಬಕ್ಕೆ ಉಜ್ಜುತ್ತಾ ಹಾದುಹೋಗಿದ್ದರೆ ಇವತ್ತೇ ಸರಿಸಿ. ತಂತಿಯ ಹೊದಿಕೆ ಸವೆದರೆ ಇಡೀ ಶಟರಿಗೆ ವಿದ್ಯುತ್ ಹರಿಯುತ್ತದೆ, ಮಳೆಯ ಬೆಳಿಗ್ಗೆ ಒದ್ದೆ ನೆಲದ ಮೇಲೆ ನಿಂತು ಹಿಡಿಕೆ ಮುಟ್ಟಿದವನು ಬದುಕುವುದು ಕಷ್ಟ. ಶಟರಿನ ಚೌಕಟ್ಟಿಗೆ ಅರ್ಥಿಂಗ್ ಕೊಡಿಸಿ, ಮೀಟರ್ ಪಕ್ಕ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಹಾಕಿಸಿ, ತಿಂಗಳಿಗೊಮ್ಮೆ ಅದರ ಪರೀಕ್ಷಾ ಗುಂಡಿ ಒತ್ತಿ ನೋಡಿ.